ಮರದ ಮೀನೋ, ಪ್ಲಾಸ್ಟಿಕ್ ಮೀನೋ? ನನ್ನ ಓಟು ಚಾಕು ಹಿಡಿದವನಿಗೆ

ಹೋದ ತಿಂಗಳು ಊರಿಗೆ ಹೋಗಿದ್ದಾಗ ಪಕ್ಕದ ಮನೆ ಹುಡುಗ ಒಂದು ಪಾರ್ಸೆಲ್ ಡಬ್ಬಿ ಹಿಡ್ಕೊಂಡು ನಮ್ಮ ಜಗಲಿಗೆ ಬಂದ. ಡಿಪ್ಲೊಮಾ ಎರಡನೇ ವರ್ಷದ ಹುಡುಗ. ಡಬ್ಬಿ ಬಿಚ್ಚಿದರೆ ಒಳಗೆ ಹಸಿರು ಕಪ್ಪೆ. ಹೊಟ್ಟೆ ಹಳದಿ, ಕಣ್ಣು ಕೆಂಪು, ಹಿಂದೆ ರಬ್ಬರ್ ಎಳೆಗಳ ಎರಡು ಕಾಲು. ಬೆನ್ನಿಗೆ ಒರಗಿಕೊಂಡಂತೆ ಎರಡು ಗಾಳದ ಮುಳ್ಳು.

"ಎಷ್ಟೋ ಇದಕ್ಕೆ?"

"ಇನ್ನೂರ ನಲವತ್ತು ಕಣಣ್ಣ. ಡೆಲಿವರಿ ಫ್ರೀ."

"ಆ ದುಡ್ಡಿಗೆ ಒಂದು ಕೆಜಿ ಕಾಟ್ಲಾನೇ ಬರ್ತಿತ್ತಲ್ಲೋ."

"ಕಾಟ್ಲಾ ತಿನ್ನೋದು ಬೇರೆ, ಕೊರವ ಹಿಡಿಯೋದು ಬೇರೆ ಬಿಡಣ್ಣ."

ಜಗಲಿ ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ ಅವನ ತಾತ, "ನಮ್ ಕಾಲ್ದಲ್ಲಿ ಜೀವ ಇರೋ ಕಪ್ಪೇನೇ ಪುಕ್ಸಟ್ಟೆ ಸಿಕ್ತಿತ್ತು" ಅಂದರು. ಹುಡುಗ ಕೇಳಿಸಿಕೊಳ್ಳಲಿಲ್ಲ. ಫೋನ್ ತೆಗೆದು ನನಗೆ ಒಂದು ವಿಡಿಯೋ ತೋರಿಸಿದ. ಅಮೆರಿಕದ ಯಾವನೋ ಒಬ್ಬ ದೋಣಿ ಮೇಲೆ ನಿಂತು ಎರಡು ಹುಸಿ ಮೀನು ಎತ್ತಿ ಹಿಡಿದಿದ್ದಾನೆ. ಒಂದು ಮರದ್ದು, ಇನ್ನೊಂದು ಪ್ಲಾಸ್ಟಿಕ್‌ದು. ಬಾಸ್ ಮೀನು ಹಿಡಿಯೋಕೆ ಮರದ್ದೇ ಮೇಲು ಅಂತ ಅವನ ವಾದ. ಕೆಳಗೆ ಸಾವಿರಾರು ಜನ ಹೌದು, ಅಲ್ಲ ಅಂತ ಕಿತ್ತಾಡಿದ್ದಾರೆ.

"ಮರದ್ದು ಒಂದಕ್ಕೆ ಸಾವಿರದ ಮೇಲಿದೆ. ತರಿಸ್ಲಾ ಅಣ್ಣ? ಅಪ್ಪನ ಹತ್ರ ಕೇಳ್ಬೇಕು."

ಅವರಪ್ಪನ ಎರಡು ದಿನದ ಕೂಲಿ ಅದು. ಆವತ್ತು 'ತಾಳು, ಓದಿ ಹೇಳ್ತೀನಿ' ಅಂದೆ. ಓದಿದೆ. ಓದುತ್ತಾ ಹೋದಂತೆ ಪ್ರಶ್ನೆ ಅವನು ಕೇಳಿದಷ್ಟು ಸಣ್ಣದಲ್ಲ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಯಾರ ಮನೆ ಜಗಳ ಅಂತ ತಿಳ್ಕೊಳ್ಳೋಣ. ಬಾಸ್ ಅಂದರೆ ನಮ್ಮ ಮಾರ್ಕೆಟ್ಟಲ್ಲಿ ಮಾರೋ ಸೀ ಬಾಸ್ ಅಲ್ಲ, ಅದು ಬೇರೆ ಜಾತಿ. ಅಮೆರಿಕದವರು ಬಾಸ್ ಅನ್ನೋದು ಮುಖ್ಯವಾಗಿ ಅಲ್ಲಿನ ಕೆರೆ, ಹೊಳೆ, ಜಲಾಶಯಗಳ ಸಿಹಿನೀರಿನ ದೊಡ್ಡ ಬಾಯಿಯ ಮೀನಿಗೆ. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ. ಜೊಂಡಿನ ಮರೆಯಲ್ಲೋ ಮುಳುಗಿದ ಮರದ ಕೊಂಬೆ ನಡುವೆಯೋ ಹೊಂಚು ಹಾಕಿ ಕೂತಿರುತ್ತದೆ. ಸಣ್ಣ ಮೀನು, ಕಪ್ಪೆ, ಏಡಿ ಏನು ಹತ್ತಿರ ಬಂದರೂ ಗಬಕ್ಕನೆ ನುಂಗುತ್ತದೆ. ನಮ್ಮ ಕೆರೆಯ ಕೊರವನ ಸ್ವಭಾವವೂ ಹೆಚ್ಚುಕಮ್ಮಿ ಇದೇ. ಕೊರಮೀನು ಅಂತಲೋ ಮರಲ್ ಅಂತಲೋ ನಿಮ್ಮೂರಲ್ಲಿ ಕರೀಬಹುದು, ಹಾವಿನ ತಲೆಯಂಥ ತಲೆ ಇರೋ ಮೀನು. ಹಾಗಾಗಿಯೇ ಬಾಸ್‌ಗೆ ಅಂತ ಅಮೆರಿಕದಲ್ಲಿ ಹುಟ್ಟಿದ ಸಾಮಾನು ಈಗ ಆನ್‌ಲೈನ್ ಅಂಗಡಿ ಹಾದು ನಮ್ಮೂರ ಜಗಲಿಗೆ ಬರುತ್ತಿದೆ.

ಲ್ಯೂರ್ ಅಂದರೆ ಹುಸಿ ಎರೆ. ಎರೆಹುಳು ಸಿಕ್ಕಿಸಿ ಬೆಂಡು ಬಿಟ್ಟು ಕಾಯುವ ಗಾಳ ಅಲ್ಲ ಇದು. ಎಸೆಯಬೇಕು, ಎಳೆಯಬೇಕು. ಎಳೆಯುವಾಗ ಅದು ನೀರಲ್ಲಿ ಗಾಯಗೊಂಡ ಮೀನಿನ ಹಾಗೆ ಒದ್ದಾಡಬೇಕು. ಮೂಗಿನ ಮುಂದೆ ತುಟಿಯಂಥ ಒಂದು ಸಣ್ಣ ಹಲಗೆ ಇರುತ್ತದೆ. ಎಳೆದಾಗ ನೀರು ಅದಕ್ಕೆ ಬಡಿದು ಲ್ಯೂರ್ ಮುಳುಗುತ್ತದೆ, ಮುಳುಗುತ್ತಾ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಎಲ್ಲಾ ಆಟ ಇರೋದು ಈ ಹೊಯ್ದಾಟದಲ್ಲಿ.

ಮರದ ಪರ ಮಾತಾಡುವವರು ಮೊದಲು ತೆಗೆಯೋದು ಜಾರ್ಜ್ ಪೆರ್ರಿಯ ಕತೆ. ಈ ಕತೆ ನನಗೂ ಇಷ್ಟ. 1932ರ ಜೂನ್ 2. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಜಾರ್ಜಿಯಾ ರಾಜ್ಯದ ಬಡ ರೈತರ ಮನೆ ಹುಡುಗ, ಇಪ್ಪತ್ತರ ಆಸುಪಾಸಿನ ವಯಸ್ಸು. ತಂದೆ ತೀರಿಕೊಂಡಿದ್ದರು, ತಾಯಿ ಮತ್ತು ಒಡಹುಟ್ಟಿದವರ ಹೊಟ್ಟೆ ಇವನ ತಲೆ ಮೇಲೆ. ಮಳೆ ಬಂದು ಹೊಲ ಕೆಸರಾಗಿತ್ತು, ಉಳುಮೆ ಸಾಧ್ಯವಿರಲಿಲ್ಲ. ಗೆಳೆಯನ ಜೊತೆ ಮಾಂಟ್‌ಗೊಮರಿ ಲೇಕ್ ಅನ್ನೋ ಕೊಳಕ್ಕೆ ಮೀನು ಹಿಡಿಯಲು ಹೋದ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಲ್ಯೂರ್ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಕ್ರೀಕ್ ಚಬ್ ಅನ್ನೋ ಕಂಪನಿಯ ಮರದ ಲ್ಯೂರ್ ಅದು. ಅದಕ್ಕೆ ಬಿದ್ದ ಬಾಸ್ 22 ಪೌಂಡ್ 4 ಔನ್ಸ್ ತೂಗಿತು. ನಮ್ಮ ಲೆಕ್ಕದಲ್ಲಿ ಹತ್ತು ಕೆಜಿ ದಾಟಿತು. ಪತ್ರಿಕೆಯೊಂದರ ಸ್ಪರ್ಧೆಗೆ ತೂಕ ಬರೆದು ಕಳಿಸಿದ, ಮೀನನ್ನು ಮನೆಗೆ ಒಯ್ದ, ಮನೆಮಂದಿಯೆಲ್ಲ ತಿಂದರು. ಅದು ವಿಶ್ವದಾಖಲೆ. ಇವತ್ತಿಗೂ ಅದನ್ನು ಯಾರೂ ಮುರಿದಿಲ್ಲ.

ಮುರಿದಿಲ್ಲ, ಆದರೆ ಸರಿಗಟ್ಟಿದ್ದಾರೆ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಬು ಕುರಿತಾ ಎಂಬವರು ಹಿಡಿದ ಬಾಸ್ ಪೆರ್ರಿಯ ಮೀನಿಗಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಕನಿಷ್ಠ ಎರಡು ಔನ್ಸ್ ಹೆಚ್ಚಿದ್ದರೆ ಮಾತ್ರ ಹೊಸ ದಾಖಲೆ ಅಂತ ನಿಯಮ. ಹಾಗಾಗಿ ಈಗ ಇಬ್ಬರ ಹೆಸರೂ ಪಟ್ಟಿಯಲ್ಲಿದೆ. ಕುರಿತಾ ಬಳಸಿದ್ದು ಏನು ಗೊತ್ತಾ? ಮರವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಜೀವಂತ ಸಣ್ಣ ಮೀನು. ಪಕ್ಕದ ಮನೆ ತಾತನಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಅಂದರೆ ಪೆರ್ರಿಯ ದಾಖಲೆ ಮರದ ಗೆಲುವು ಅಂತ ನಾನು ಒಪ್ಪೋದಿಲ್ಲ. 1932ರಲ್ಲಿ ಬಡ ರೈತನ ಕೈಗೆ ಸಿಗುವ ಲ್ಯೂರ್ ಮರದ್ದೇ ಆಗಿತ್ತು, ಅಷ್ಟೆ. ಎತ್ತಿನ ಗಾಡಿ ಕಾಲದಲ್ಲಿ ಮದುವೆಯಾದವರ ಸಂಸಾರ ಚೆನ್ನಾಗಿತ್ತು ಅಂದರೆ ಅದು ಎತ್ತಿನ ಗಾಡಿಯ ಪುಣ್ಯ ಅಲ್ಲವಲ್ಲ.

ಹಾಗಾದರೆ ಮರಕ್ಕೂ ಪ್ಲಾಸ್ಟಿಕ್ಕಿಗೂ ನಿಜವಾದ ವ್ಯತ್ಯಾಸ ಏನೂ ಇಲ್ಲವಾ? ಇದೆ. ಒಳ್ಳೆ ಲ್ಯೂರ್‌ಗಳಿಗೆ ಬಳಸೋದು ಹೆಚ್ಚಾಗಿ ಬಾಲ್ಸಾ ಅನ್ನೋ ಮರ, ದಕ್ಷಿಣ ಅಮೆರಿಕದ ಈಕ್ವೆಡಾರ್ ಕಡೆಯಿಂದ ಬರುವಂಥದ್ದು. ಮದುವೆ ಬಾಸಿಂಗ ಮಾಡೋ ಬೆಂಡು ನೋಡಿದ್ದೀರಲ್ಲ, ಬಾಲ್ಸಾ ಅದರ ಅಣ್ಣ ಅಂದ್ಕೊಳ್ಳಿ. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. ಅಷ್ಟೇ ಗಾತ್ರದ ಬಾಲ್ಸಾ ತುಂಡು ಸುಮಾರು 150 ಗ್ರಾಂ. ಗಟ್ಟಿ ಲ್ಯೂರ್ ಮಾಡೋ ಪ್ಲಾಸ್ಟಿಕ್ ಅಷ್ಟೇ ಗಾತ್ರಕ್ಕೆ ಒಂದು ಕೆಜಿಗಿಂತ ಚೂರು ಹೆಚ್ಚೇ ತೂಗುತ್ತದೆ, ಹಾಗೇ ಹಾಕಿದರೆ ಮುಳುಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಮೀನನ್ನು ಎರಡು ಹೋಳಾಗಿ ಅಚ್ಚು ಹಾಕಿ, ನಡುವೆ ಟೊಳ್ಳು ಬಿಟ್ಟು ಅಂಟಿಸುತ್ತಾರೆ. ಅದನ್ನು ತೇಲಿಸೋದು ಒಳಗಿನ ಗಾಳಿ.

ಇದರಿಂದ ನಡಿಗೆ ಬದಲಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಭಾರವೆಲ್ಲ ಹೊರಗಿನ ಚಿಪ್ಪಿನಲ್ಲಿ. ಬಾಲ್ಸಾದಲ್ಲಿ ಮೈಯೇ ಹಗುರ, ಭಾರ ಅಂತ ಇರೋದು ಹೊಟ್ಟೆಗೆ ತುಂಬಿದ ಸಣ್ಣ ಲೋಹದ ಚೂರಲ್ಲಿ. ಹಾಗಾಗಿ ಮೆಲ್ಲಗೆ ಎಳೆದರೂ ಬಾಲ್ಸಾ ಕುಣಿಯಲು ಶುರುಮಾಡುತ್ತದೆ. ಕೊಂಬೆಗೆ ತಾಗಿದಾಗ ಎಳೆಯೋದು ನಿಲ್ಲಿಸಿದರೆ ಸರಕ್ಕನೆ ಮೇಲಕ್ಕೆ ತೇಲಿ ಬಿಡಿಸಿಕೊಳ್ಳುತ್ತದೆ. ನೀರು ತಣ್ಣಗಿದ್ದು ಬಾಸ್ ಸೋಮಾರಿಯಾಗಿರೋ ದಿನ, ಮುಳುಗಿದ ಮರಗಳ ನಡುವೆ, ಆಳ ಕಮ್ಮಿ ಇರೋ ಕಡೆ ಬಾಲ್ಸಾವೇ ಬೇಕು ಅಂತ ಅಲ್ಲಿನ ಅನುಭವಸ್ಥರು ಹೇಳೋದಕ್ಕೆ ಕಾರಣ ಇದು. ಮಂತ್ರ ಅಲ್ಲ, ತೂಕದ ಲೆಕ್ಕ.

ಆದರೆ ಅದೇ ಬಾಲ್ಸಾವನ್ನು ಎದುರು ಗಾಳಿಗೆ ಎಸೆದು ನೋಡಿ, ತರಗೆಲೆ ಥರ ವಾಪಸ್ ಮುಖಕ್ಕೇ ಬರುತ್ತದೆ. ಬಂಡೆಗೆ ಬಡಿದರೆ ತುಟಿ ಕಿತ್ತುಬರುತ್ತದೆ. ಬಣ್ಣ ಬಿರುಕುಬಿಟ್ಟರೆ ನೀರು ಕುಡಿದು ಉಬ್ಬುತ್ತದೆ, ಆಮೇಲೆ ಅದರ ನಡಿಗೆಯೇ ಬೇರೆ. ಒಂದೇ ದಿಮ್ಮಿಯ ಎರಡು ತುಂಡೂ ಒಂದೇ ತೂಕ ಇರೋದಿಲ್ಲ, ಹಾಗಾಗಿ ಒಂದು ಲ್ಯೂರ್ ರಾಜ, ಅದರ ತಮ್ಮ ಪೆದ್ದ. ಪ್ಲಾಸ್ಟಿಕ್‌ಗೆ ಈ ರೋಗಗಳಿಲ್ಲ. ದೂರ ಹೋಗುತ್ತದೆ, ನೀರು ಕುಡಿಯೋದಿಲ್ಲ, ಹತ್ತು ತಗೊಂಡರೆ ಹತ್ತೂ ಒಂದೇ ಥರ. ಟೊಳ್ಳಿನೊಳಗೆ ಗುಂಡು ಹಾಕಿದರೆ ಗಲಗಲ ಸದ್ದು ಮಾಡುತ್ತದೆ. ಕದಡಿದ ನೀರಲ್ಲಿ ಆ ಸದ್ದು ಕೆಲಸಕ್ಕೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅಗ್ಗ.

ಪ್ಲಾಸ್ಟಿಕ್ಕೂ ಮೊದಲ ದಿನದಿಂದಲೇ ಗೆದ್ದದ್ದಲ್ಲ ಅನ್ನಿ. ಮಿಶಿಗನ್‌ನ ಹೆಡ್ಡನ್ ಕಂಪನಿ 1920ರ ದಶಕದ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಕಪ್ಪೆ ತಂದಿತ್ತು. ನೋಡಲು ಚೆಂದ, ಬಡಿದರೆ ಬಿರುಕು. ಹೆಚ್ಚು ವರ್ಷ ಬಾಳಲಿಲ್ಲ. ನಮ್ಮ ಹುಡುಗನ ಕಪ್ಪೆಯ ಮುತ್ತಜ್ಜ ಅದು.

ಇಲ್ಲಿಗೆ ಸರಕಿನ ಮಾತು ಮುಗಿಯಿತು. ಮೀನಿನ ಕಡೆಯಿಂದ ನೋಡಿದರೆ ವ್ಯತ್ಯಾಸ ಸಣ್ಣದು, ಎಸೆಯುವವನ ಕೈ ಮತ್ತು ತಾಳ್ಮೆ ಅದಕ್ಕಿಂತ ದೊಡ್ಡದು. ಬರೀ ಮೀನು ಹಿಡಿಯೋ ಪ್ರಶ್ನೆಯಾಗಿದ್ದರೆ ನಾನು ಹುಡುಗನಿಗೆ, 'ಸಾವಿರ ದಂಡ ಮಾಡಬೇಡ, ಇರೋ ಕಪ್ಪೆಯಲ್ಲೇ ಎಸೆಯೋದು ಕಲಿ' ಅಂತ ಒಂದೇ ಸಾಲು ಬರೆದು ಮುಗಿಸುತ್ತಿದ್ದೆ. ಮುಗಿಸೋಕೆ ಬಿಡದೇ ಇದ್ದದ್ದು ಇನ್ನೊಂದು ವಿಷಯ. ಈ ಲ್ಯೂರ್‌ಗಳನ್ನು ಮೊದಲು ಮಾಡಿದವರು ಯಾರು ಅಂತ ಹುಡುಕುತ್ತಾ ಹೋದರೆ ಎಲ್ಲಾ ಕಡೆ ಸಿಗೋದು ಒಬ್ಬನೇ ಮನುಷ್ಯ, ಬೇರೆ ಬೇರೆ ಹೆಸರಲ್ಲಿ. ಕೈಯಲ್ಲಿ ಚಾಕು, ಮುಂದೆ ನೀರು.

ಜೇಮ್ಸ್ ಹೆಡ್ಡನ್ ಜೇನು ಸಾಕುತ್ತಿದ್ದವನು. ಡೊವಾಜಿಯಾಕ್ ಅನ್ನೋ ಊರಲ್ಲಿ ಗಿರಣಿ ಕೊಳದ ದಡದಲ್ಲಿ ಗೆಳೆಯನಿಗೆ ಕಾಯುತ್ತಾ, ಹೊತ್ತು ಹೋಗದೆ ಒಂದು ಕಡ್ಡಿ ಕೆತ್ತುತ್ತಾ ಕೂತಿದ್ದನಂತೆ. ಬೇಜಾರಾಗಿ ಅದನ್ನು ನೀರಿಗೆ ಎಸೆದ. ಬಾಸ್ ಒಂದು ಎಗರಿ ಅದನ್ನು ಹೊಡೆಯಿತು. ಕತೆಗೆ ಆಮೇಲೆ ಸ್ವಲ್ಪ ಉಪ್ಪು ಖಾರ ಸೇರಿರಬಹುದು, ಆದರೆ ಆ ಮನೆಯಲ್ಲಿ ಕೆತ್ತಿದ ಮರದ ಲ್ಯೂರ್‌ಗಳಿಂದಲೇ ಅಮೆರಿಕದ ದೊಡ್ಡ ಲ್ಯೂರ್ ಕಂಪನಿಗಳಲ್ಲಿ ಒಂದು ಬೆಳೆದದ್ದು ನಿಜ.

ಲೌರಿ ರಾಪಲಾ ಫಿನ್ಲೆಂಡ್‌ನ ಬಡ ಮೀನುಗಾರ. ಕಷ್ಟದಲ್ಲೇ ಬೆಳೆದವನು, ಮರ ಕಡಿಯುವ ಕೂಲಿಯನ್ನೂ ಮಾಡಿದವನು. ದೋಣಿಯಲ್ಲಿ ಹೋಗುತ್ತಾ ನೀರೊಳಗೆ ನೋಡುತ್ತಿದ್ದ. ಸಣ್ಣ ಮೀನುಗಳ ಹಿಂಡಿಗೆ ದೊಡ್ಡ ಮೀನು ನುಗ್ಗಿದಾಗ ಅದು ಆರಿಸಿಕೊಳ್ಳೋದು ನೆಟ್ಟಗೆ ಈಜೋ ಮೀನನ್ನಲ್ಲ, ಕುಂಟುತ್ತಾ ಹೊಯ್ದಾಡೋ ಮೀನನ್ನು ಅನ್ನೋದು ಅವನ ಕಣ್ಣಿಗೆ ಬಿತ್ತು. 1936ರಲ್ಲಿ ಬಾಟಲಿ ಬಿರಡೆ ಮಾಡುವ ಕಾರ್ಕ್ ಕೆತ್ತಿ ಆ ಕುಂಟ ಮೀನನ್ನು ಮಾಡಿದ. ಹೊಳಪಿಗೆ ಚಾಕಲೇಟ್ ಸುತ್ತಿದ ತವರದ ಕಾಗದ. ಮೆರುಗೆಣ್ಣೆಗೆ ದುಡ್ಡಿಲ್ಲದೆ ಹಳೆ ಫೋಟೋ ನೆಗೆಟಿವ್ ಕರಗಿಸಿ ಬಳಿದ. ಆಮೇಲೆ ಬಾಲ್ಸಾಕ್ಕೆ ಬದಲಾಯಿಸಿದ. ಅದು ಅಮೆರಿಕ ತಲುಪಿ, 1962ರ ಆಗಸ್ಟ್‌ನಲ್ಲಿ ಲೈಫ್ ಪತ್ರಿಕೆ ಅದರ ಬಗ್ಗೆ ಲೇಖನ ಹಾಕಿತು. ಆ ಸಂಚಿಕೆಯ ಮುಖಪುಟದಲ್ಲಿದ್ದದ್ದು ಆಗಷ್ಟೇ ತೀರಿಹೋಗಿದ್ದ ಮರ್ಲಿನ್ ಮನ್ರೋ. ಮನೆಮನೆಯೂ ಕೊಂಡಿತು. ಮನ್ರೋ ಜೊತೆಗೆ ರಾಪಲಾನ ಮೀನೂ ಮನೆಮನೆಗೆ ಹೋಯಿತು, ಬೇಡಿಕೆ ಪೂರೈಸಲಾಗದಷ್ಟು ಆರ್ಡರ್ ಬಂತು.

ಮೂರನೆಯವನು ಟೆನೆಸ್ಸಿ ರಾಜ್ಯದ ಓಕ್ ರಿಜ್‌ನ ಫ್ರೆಡ್ ಯಂಗ್. ಇವನು ಬಾಲ್ಸಾದಲ್ಲಿ ಗುಂಡುಗುಂಡಗೆ, ಹೊಟ್ಟೆ ಬಂದವರ ಥರದ ಒಂದು ಲ್ಯೂರ್ ಕೆತ್ತಿದ. ತನ್ನ ಸೋದರ ಓಡಿಸ್‌ನ ಹೆಸರಿನಿಂದ ಅದಕ್ಕೆ ಬಿಗ್ ಓ ಅಂತ ಹೆಸರಿಟ್ಟ. ಕೈಯಲ್ಲಿ ಎಷ್ಟು ಕೆತ್ತಲು ಸಾಧ್ಯ? ಬೇಕಾದವರು ಜಾಸ್ತಿ, ಸಿಗೋದು ಕಮ್ಮಿ. 1970ರ ದಶಕದ ಶುರುವಿನಲ್ಲಿ ಸ್ಪರ್ಧೆಗೆ ಹೋಗುವವರು ಬಿಗ್ ಓ ಒಂದನ್ನು ದಿನದ ಬಾಡಿಗೆಗೆ ತರುತ್ತಿದ್ದರಂತೆ. ಮೀನಿನ ಗಾಳಕ್ಕೆ ಬಾಡಿಗೆ! ಆಗ ಕಾಟನ್ ಕಾರ್ಡೆಲ್ ಎಂಬ ವ್ಯಾಪಾರಿ ಅದೇ ಆಕಾರವನ್ನು ಪ್ಲಾಸ್ಟಿಕ್ ಅಚ್ಚಿಗೆ ಹಾಕಿಸಿದ. ಲಕ್ಷಗಟ್ಟಲೆ ಮಾರಾಟವಾಯಿತು.

ಈ ಜಾಗದಲ್ಲಿ ಹಳೆಯದನ್ನು ಹೊಗಳೋ ಲೇಖಕರು ಕಣ್ಣೀರು ಹಾಕುತ್ತಾರೆ, 'ಅಯ್ಯೋ ಪ್ಲಾಸ್ಟಿಕ್ ಬಂದು ಕಲೆ ಹೋಯಿತು' ಅಂತ. ನಾನು ಹಾಕೋದಿಲ್ಲ. ಬಾಡಿಗೆ ಕೊಟ್ಟು ತರಬೇಕಿದ್ದ ಸಾಮಾನು ಪ್ಲಾಸ್ಟಿಕ್‌ನಿಂದಾಗಿ ಕೂಲಿಯವನ ಮಗನ ಕೈಗೂ ಬಂತು. ಅದು ಸಣ್ಣ ಮಾತಲ್ಲ. ಬಡವನ ಕೈಗೆ ಎಟುಕಿಸಿದ್ದನ್ನು ಬೈಯೋಕೆ ನನಗೆ ಬಾಯಿ ಬರೋದಿಲ್ಲ. ನಮ್ಮ ಮನೆಯ ಬಿಂದಿಗೆ, ಕೊಡ ಎಲ್ಲಾ ಏನಾಗಿವೆ ಅಂತ ನೋಡಿ ಮಾತಾಡಬೇಕು.

ಆದರೆ ಒಂದನ್ನು ಗಮನಿಸಿ. ಕಾರ್ಡೆಲ್‌ನ ಅಚ್ಚಿಗೆ ಯಂಗ್‌ನ ಕೆತ್ತನೆ ಬೇಕಾಯಿತು. ಯಂಗ್‌ನ ಕೆತ್ತನೆಗೆ ಯಾವ ಅಚ್ಚೂ ಬೇಕಾಗಿರಲಿಲ್ಲ. ಕೆತ್ತಿದ್ದು ತಪ್ಪಾದರೆ ಚಾಕು ಹಿಡಿದವನು ಬೆಳಗಾಗೋದರೊಳಗೆ ಇನ್ನೊಂದು ಕೆತ್ತುತ್ತಾನೆ. ಹೊಟ್ಟೆ ಚೂರು ಕಮ್ಮಿ, ತುಟಿ ಚೂರು ಓರೆ, ಮತ್ತೆ ನೀರಿಗೆ. ಅಚ್ಚಿನಲ್ಲಿ ಹಾಗಾಗೋದಿಲ್ಲ. ಉಕ್ಕಿನ ಅಚ್ಚು ಮಾಡಿಸಲು ಲಕ್ಷಗಟ್ಟಲೆ ಬೇಕು, ಮೇಲೆ ಮೆಷಿನ್ನು, ಕರೆಂಟು. ಲಕ್ಷ ಹಾಕಿದವನು ತಪ್ಪು ಮಾಡೋಕೆ ಹೆದರುತ್ತಾನೆ, ಗೆದ್ದ ಆಕಾರವನ್ನೇ ಮತ್ತೆ ಮತ್ತೆ ಒತ್ತುತ್ತಾನೆ. ಈಗ ಆಕಾರವನ್ನು ಕಂಪ್ಯೂಟರ್‌ನಲ್ಲಿ ಬಿಡಿಸುತ್ತಾರೆ, ಅದೂ ಒಂದು ಕೆತ್ತನೆಯೇ, ನಿಜ. ಆದರೆ ಅದು ನಡೆಯೋದು ಕಂಪನಿಯ ಒಳಗೆ. ಕೆರೆ ದಡದಲ್ಲಿ ಅಲ್ಲ.

ಹಾಗಾಗಿ ಮರ ಮೇಲು ಅಂತ ನಾನು ಹೇಳಿದರೆ ಅದಕ್ಕೆ ಕಾರಣ ಮೀನಲ್ಲ, ತಪ್ಪು ಮಾಡುವ ಅವಕಾಶ. ಸಾವಿರ ರೂಪಾಯಿಯ ಮರದ ಲ್ಯೂರ್ ಕೊಂಡು ತಂದರೆ ಈ ಅವಕಾಶ ನಿಮ್ಮ ಕೈಗೆ ಬರೋದಿಲ್ಲ. ಅದೂ ಕಾರ್ಖಾನೆಯದ್ದೇ ಇರಬಹುದು, ಬಾಲ್ಸಾವನ್ನು ಮೆಷಿನ್ನಲ್ಲಿ ಕೊರೆದು ಲಕ್ಷಗಟ್ಟಲೆ ಮಾಡುತ್ತಾರೆ. ಮರ ಅಂದ ಮಾತ್ರಕ್ಕೆ ಕೈಕೆಲಸ ಅಲ್ಲ. ಕೊಳ್ಳೋದಾದರೆ ಅಗ್ಗದ ಪ್ಲಾಸ್ಟಿಕ್ ಕೊಳ್ಳಿ, ಮರ ಬೇಕಂದರೆ ಕೆತ್ತಿ. ಇದು ನನ್ನ ತೀರ್ಮಾನ. ಸಾವಿರದ ಮರದ ಮೀನು ನನ್ನ ಲೆಕ್ಕದಲ್ಲಿ ಎರಡೂ ಕಡೆಯ ನಷ್ಟ.

ನನ್ನ ಈ ವಾದಕ್ಕೆ ಒಂದು ಅಡ್ಡಿ ಇದೆ, ಮುಚ್ಚಿಡೋದು ಸರಿಯಲ್ಲ. 1949ರಲ್ಲಿ ಒಹಾಯೊ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ದಂಪತಿ ತಮ್ಮ ಅಡುಗೆಮನೆ ಒಲೆ ಮೇಲೆ ಪ್ಲಾಸ್ಟಿಕ್ ದ್ರವ ಕಾಸಿ, ನಿಜವಾದ ಎರೆಹುಳದಿಂದ ತೆಗೆದ ಅಚ್ಚಿಗೆ ಸುರಿದು ಮೆತ್ತನೆಯ ಹುಳು ಮಾಡಿದರು. ಬಾಸ್ ಹಿಡಿಯೋ ಆಟವನ್ನೇ ಬದಲಾಯಿಸಿದ ಎರೆ ಅದು. ಅಂದರೆ ಪ್ಲಾಸ್ಟಿಕ್‌ನಲ್ಲೂ ಅಡುಗೆಮನೆಯ ಬುದ್ಧಿ ಕೆಲಸ ಮಾಡಿದೆ. ಇವತ್ತಿಗೂ ಅಮೆರಿಕದಲ್ಲಿ ಶೆಡ್ಡುಗಳಲ್ಲಿ ಕೂತು ತಮ್ಮ ಹುಳು ತಾವೇ ಎರಕ ಹೊಯ್ಯುವವರಿದ್ದಾರೆ. ಹಾಗಾಗಿ ಪ್ಲಾಸ್ಟಿಕ್ ಅಂದರೆ ಬರೀ ಕಂಪನಿ ಅಂತ ಸಾರಾಸಗಟಾಗಿ ಹೇಳೋಕಾಗೋದಿಲ್ಲ.

ಆದರೆ ನನಗೆ ಹೆಚ್ಚು ಭಯ ಹುಟ್ಟಿಸೋದೂ ಈ ಮೆತ್ತನೆ ಹುಳುವೇ. ಗಟ್ಟಿ ಲ್ಯೂರ್ ಕಳೆದುಹೋದರೆ ಹೊಟ್ಟೆ ಉರಿಯುತ್ತದೆ, ಈಜಿ ಹೋಗಿಯಾದರೂ ತರುತ್ತೀರಿ. ಮೆತ್ತನೆ ಹುಳು ಪ್ಯಾಕೆಟ್ಟಲ್ಲಿ ಹತ್ತಾರು ಬರುತ್ತವೆ. ಮೀನು ಕಚ್ಚಿ ಹರಿದರೆ ಚೂರು ಅಲ್ಲೇ ನೀರಿಗೆ. ಅದನ್ನು ಮಾಡೋದು ಪಿವಿಸಿಗೆ ಮೆತುಗೊಳಿಸುವ ಎಣ್ಣೆಯಂಥ ರಾಸಾಯನಿಕ ಸೇರಿಸಿ. ಕೊಳೆಯೋದಿಲ್ಲ. ಅದನ್ನು ಗಟ್ಟಿ ಪ್ಲಾಸ್ಟಿಕ್ ಲ್ಯೂರ್ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಬಣ್ಣ ಕರಗಿ ಎರಡೂ ಅಂಟಿಕೊಳ್ಳುತ್ತವೆ. ಡಬ್ಬಿಯಲ್ಲೇ ಹೀಗಾದರೆ ಮೀನಿನ ಹೊಟ್ಟೆಯಲ್ಲಿ ಏನಾದೀತು ಅನ್ನೋ ಅನುಮಾನ ಯಾರಿಗಾದರೂ ಬರುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ 2013ರಲ್ಲಿ ಇಂಥ ಮೆತ್ತನೆ ಎರೆಗಳನ್ನು ನಿಷೇಧಿಸೋ ಮಸೂದೆಯೇ ಬಂದಿತ್ತು. ಬಾಸ್ ಹಿಡಿಯುವವರು ಗಲಾಟೆ ಮಾಡಿದರು, ಕೊನೆಗೆ ನಿಷೇಧದ ಬದಲು ಅಧ್ಯಯನ ಮಾಡಿ ಅಂತಾಯಿತು. ಬಾಸ್ ಅವರ ನಾಡಿನ ಮೀನು, ಹಾಗಾಗಿ ಅವರು ಜಗಳವಾಡಿಯಾದರೂ ಲೆಕ್ಕ ಕೇಳುತ್ತಾರೆ. ನಮ್ಮ ಕೆರೆಗಳಿಗೆ ಬೀಳೋ ರಬ್ಬರ್ ಕಪ್ಪೆ ಕಾಲಿಗೆ ಯಾರು ಲೆಕ್ಕ ಇಡುತ್ತಾರೆ?

ಮರದ ಲ್ಯೂರ್ ಕಳೆದುಹೋದರೆ ಅದೂ ಪೂರ್ತಿ ಮಣ್ಣಾಗೋದಿಲ್ಲ. ಬಣ್ಣ, ಮೆರುಗು, ಮುಳ್ಳು ಉಳಿಯುತ್ತದೆ. ಆ ಮುಳ್ಳು ಎಮ್ಮೆ ಕಾಲಿಗೂ ಚುಚ್ಚುತ್ತದೆ, ಬಟ್ಟೆ ಒಗೆಯೋರ ಕಾಲಿಗೂ ಚುಚ್ಚುತ್ತದೆ. ಕೆರೆಯಲ್ಲಿ ಹಿಡಿಯೋರು ಈ ಮಾತು ನೆನಪಿಟ್ಟುಕೊಳ್ಳಿ, ಹಾಗೆಯೇ ಕೆರೆ ಮೀನಿನ ಗುತ್ತಿಗೆ ಯಾರದ್ದೋ ಅವರನ್ನು ಕೇಳಿ ಗಾಳ ಹಾಕಿ. ಇನ್ನೊಂದು, ಮಳೆಗಾಲದಲ್ಲಿ ಕೊರವ ಮರಿ ಕಾಯುತ್ತದೆ. ನೀರ ಮೇಲೆ ಕೆಂಪಗೆ ಗುಂಪಾಗಿ ಕುದಿಯುತ್ತಿರುವಂತೆ ಕಾಣೋ ಮರಿಗಳ ಕೆಳಗೇ ದೊಡ್ಡದು ಇರುತ್ತದೆ. ಆಗ ಅದು ಸಿಟ್ಟಿನಲ್ಲಿ ಏನನ್ನಾದರೂ ಕಚ್ಚುತ್ತದೆ. ವಿಡಿಯೋದವರು ಅದನ್ನೇ ಟ್ರಿಕ್ ಅಂತ ಹೇಳಿಕೊಡುತ್ತಾರೆ. ದೊಡ್ಡದನ್ನು ಎತ್ತಿದರೆ ಆ ಮರಿಗಳನ್ನು ಉಳಿದ ಮೀನುಗಳು ಸಂಜೆಯೊಳಗೆ ಮುಗಿಸುತ್ತವೆ. ಅದು ಟ್ರಿಕ್ ಅಲ್ಲ.

ಹುಡುಗನ ವಿಷಯಕ್ಕೆ ಬರುತ್ತೇನೆ. ಸಾವಿರದ ಆರ್ಡರ್ ಹಾಕಬೇಡ ಅಂತ ಹೇಳಿ, ಬೇಲಿಯ ಹಾಲುವಾಣದ ಕೊಂಬೆ ಕಡಿದೆವು. ಒಣಗಿದರೆ ಹಗುರ, ಬ್ಲೇಡಿಗೂ ಬಗ್ಗುತ್ತದೆ. ಬಾಲ್ಸಾ ಅಲ್ಲ, ಆದರೆ ನಮ್ಮ ಬೇಲಿಯದ್ದು. ಮೊದಲನೇ ಕಪ್ಪೆ ಕೆತ್ತಿ ನೀರಿನ ತೊಟ್ಟಿಗೆ ಬಿಟ್ಟರೆ ಅಂಗಾತ ಮಲಗಿತು. ಹುಡುಗ ನಕ್ಕ, ನಾನೂ ನಕ್ಕೆ. ಅಲ್ಲೀವರೆಗೆ ಸುಮ್ಮನಿದ್ದ ತಾತ ಎದ್ದು ಬಂದರು.

"ಹೊಟ್ಟೆ ಭಾರ ಮಾಡ್ರೋ. ತಲೆ ಭಾರ ಆದ್ರೆ ಮನ್ಸನೂ ನಿಲ್ಲಲ್ಲ."

ಜೋಳದ ದಂಟಿನ ಬೆಂಡು, ಹಳೆ ಹವಾಯಿ ಚಪ್ಪಲಿಯ ಬೆಂಡು ಕಟ್ಟಿ ಜೀವಮಾನವಿಡೀ ಗಾಳ ಹಾಕಿದ ಮನುಷ್ಯ. ಯಾವುದು ಎಷ್ಟು ತೇಲುತ್ತದೆ ಅನ್ನೋದು ಅವರ ಬೆರಳಿಗೆ ಗೊತ್ತು. ಹೊಟ್ಟೆಗೆ ಒಂದು ಸ್ಕ್ರೂ ಹಾಕಿದೆವು. ಎರಡನೆಯದು ಓರೆಯಾಗಿಯಾದರೂ ತೇಲಿತು. ಹುಡುಗ ಅಕ್ಕನ ಉಗುರುಬಣ್ಣ ಕದ್ದು ತಂದು ಕಣ್ಣು ಬರೆದ. ತಾತ ಎಲೆ ಅಡಿಕೆ ಉಗಿದು ಬಂದು, ಹಿಂದಿನ ಕಾಲು ಹೇಗಿರಬೇಕು ಅಂತ ಕೂತು ಹೇಳಿಕೊಟ್ಟರು. ಮೊಮ್ಮಗ ಅಷ್ಟು ಹೊತ್ತು ಫೋನ್ ಮುಟ್ಟದೆ ತಾತನ ಪಕ್ಕ ಕೂತದ್ದನ್ನು ಅವನಮ್ಮ ಎರಡು ಸಲ ಬಂದು ನೋಡಿಕೊಂಡು ಹೋದರು.

ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ವಾರಕ್ಕೊಂದು ಫೋಟೋ ಬರುತ್ತಿದೆ. ಇನ್ನೂರ ನಲವತ್ತರ ಕಪ್ಪೆ ಎರಡು ಕೊರವ ಹಿಡಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಹಾಲುವಾಣದ ಕಪ್ಪೆಗಳು ಇನ್ನೂ ಒಂದೂ ಹಿಡಿದಿಲ್ಲ. ನಿನ್ನೆ ಬಂದ ಫೋಟೋದಲ್ಲಿ ನಾಲ್ಕನೇ ಕಪ್ಪೆ ಇತ್ತು. ಉಗುರುಬಣ್ಣ ಎದ್ದುಹೋಗಿ, ಬಲಗಡೆ ಸೊಂಟದ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು ಸಾಲಾಗಿ ಬಿದ್ದಿತ್ತು. ಕೆಳಗೆ ಒಂದೇ ಸಾಲು: "ಅಣ್ಣ, ಕಚ್ಚಿ ಬಿಡ್ತು. ಮುಳ್ಳು ಚೂರು ಹಿಂದಕ್ಕೆ ಹಾಕ್ಬೇಕಂತೆ, ತಾತ ಹೇಳ್ತು."